ಪಾಸ್ತಾಕ್ಕೆ ತೂತು ಯಾಕೆ?

ಚೆನ್ನೈ ಹತ್ತಿರದ ತಾಂಬರಂನ ಯಾವುದಾದರೂ ದಿನಸಿ ಅಂಗಡಿಗೆ ಹೋಗಿ ನೋಡಿ. ಅಕ್ಕಿ ಶ್ಯಾವಿಗೆ, ರಾಗಿ ಶ್ಯಾವಿಗೆಯ ಪೊಟ್ಟಣಗಳ ಪಕ್ಕದಲ್ಲೇ ಪಾಸ್ತಾ ಕೂಡ ಜಾಗ ಮಾಡಿಕೊಂಡಿರುತ್ತದೆ. ಬಾಗಿದ ಮೆಕರೋನಿ, ತುದಿ ಓರೆಯಾಗಿ ಕತ್ತರಿಸಿದ ಪೆನ್ನೆ, ತಿರುಚಿಕೊಂಡ ಫುಸಿಲಿ, ಚಿಪ್ಪು, ಚಿಟ್ಟೆ, ಉದ್ದನೆಯ ಸ್ಪಗೆಟ್ಟಿ. ‘ನಿಮಗೆ ಯಾವುದು ಇಷ್ಟ?’ ಎಂದು ನಾಲ್ಕು ಮಕ್ಕಳನ್ನು ಒಟ್ಟಿಗೆ ಕೇಳಿದರೆ ಜಗಳವೇ ಶುರು. ತಮಾಷೆ ಎಂದರೆ, ಎಲ್ಲವೂ ಅದೇ ಹಿಟ್ಟು, ಅದೇ ನೀರು. ಬೇರೆಯಾಗಿರುವುದು ಆಕಾರ ಮಾತ್ರ. ಆದರೂ ಬಾಯಿಗಿಟ್ಟರೆ ಒಂದೊಂದೂ ಒಂದೊಂದು ಥರ. ಯಾಕೆ?

ತೂತಿನಿಂದ ಶುರು ಮಾಡೋಣ. ಪೆನ್ನೆ ಬೇಯುತ್ತಿರುವಾಗ ಎರಡೆರಡು ನಿಮಿಷಕ್ಕೆ ಒಂದೊಂದನ್ನು ಸೌಟಿನಲ್ಲಿ ತೆಗೆದುಕೊಡಲು ಅಮ್ಮನಿಗೋ ಅಪ್ಪನಿಗೋ ಹೇಳಿ. ಆರಿದ ಮೇಲೆ ಅಡ್ಡಕ್ಕೆ ಕತ್ತರಿಸಿ ತಟ್ಟೆಯಲ್ಲಿ ಸಾಲಾಗಿ ಇಡಿ. ಮೊದಲನೆಯದರ ಗೋಡೆಯ ನಡುವೆ ಬೆಳ್ಳಗೆ ಒಂದು ಉಂಗುರ ಕಾಣುತ್ತದೆ. ಮುಂದಿನದರಲ್ಲಿ ಉಂಗುರ ಸಣ್ಣಗಾಗಿರುತ್ತದೆ. ಕೊನೆಯದರಲ್ಲಿ ಮಾಯ. ಆ ಬಿಳಿ ಉಂಗುರವೇ ನೀರು ಇನ್ನೂ ತಲುಪದ ಒಣ ಹಿಟ್ಟು. ಉಂಗುರದ ಹೊರಗೂ ಒಳಗೂ ಬೆಂದ ಭಾಗ ಇದೆ, ಗಮನಿಸಿದಿರಾ? ಅಂದರೆ ನೀರು ಎರಡೂ ಕಡೆಯಿಂದ ನುಗ್ಗುತ್ತಿದೆ. ತೂತು ಇರುವುದೇ ಅದಕ್ಕೆ.

ಹಿಟ್ಟಿನೊಳಗೆ ನೀರು ಬಹಳ ನಿಧಾನವಾಗಿ ಇಳಿಯುತ್ತದೆ. ದಪ್ಪ ಎರಡರಷ್ಟಾದರೆ ನೀರು ನಡುವಿಗೆ ತಲುಪಲು ಬೇಕಾಗುವ ಸಮಯ ಎರಡರಷ್ಟಲ್ಲ, ಸುಮಾರು ನಾಲ್ಕರಷ್ಟು! ಎಳೆ ಸಣ್ಣಗಿರುವ ಶ್ಯಾವಿಗೆ ಎರಡು ಮೂರು ನಿಮಿಷದಲ್ಲಿ ಬೇಯುವುದೂ, ಸುಮಾರು 2 ಮಿಲಿಮೀಟರ್ ದಪ್ಪದ ಸ್ಪಗೆಟ್ಟಿ ಹತ್ತು ನಿಮಿಷ ಕಾಯಿಸುವುದೂ ಈ ಲೆಕ್ಕದಿಂದಲೇ. ಪೆನ್ನೆಗೆ ತೂತಿಲ್ಲದೆ ಗಟ್ಟಿ ಕಡ್ಡಿಯಾಗಿದ್ದರೆ ಹೊರಗೆ ಗಂಜಿ, ಒಳಗೆ ಹಸಿ ಹಿಟ್ಟು ಆಗಿರುತ್ತಿತ್ತು. ಚಿಟ್ಟೆ ಪಾಸ್ತಾದಲ್ಲಿ ಈ ತೊಂದರೆ ನಿಜಕ್ಕೂ ಇದೆ. ನಡುವೆ ಚಿವುಟಿದ ಜಾಗ ದಪ್ಪ, ರೆಕ್ಕೆ ತೆಳು. ರೆಕ್ಕೆ ಮೆತ್ತಗಾದರೂ ನಡು ಹಲ್ಲಿಗೆ ಗಟ್ಟಿಯಾಗಿ ಸಿಗುತ್ತದೆ. ನೋಡಲು ಚೆಂದವಿದ್ದರೂ ನನ್ನ ಪಟ್ಟಿಯಲ್ಲಿ ಚಿಟ್ಟೆಗೆ ಕೊನೆಯ ಸ್ಥಾನ.

ಇನ್ನು ತೂತನ್ನು ಮಾಡುವುದು ಹೇಗೆ? ಮನೆಯಲ್ಲಿರುವ ಚಕ್ಕುಲಿ ಒರಳನ್ನು ನೆನಪಿಸಿಕೊಳ್ಳಿ. ಪಾಸ್ತಾ ಕಾರ್ಖಾನೆಯ ಯಂತ್ರವೂ ಅದರ ಹಾಗೆಯೇ ಹಿಟ್ಟನ್ನು ಬಿಲ್ಲೆಯೊಂದರ ತೂತಿನಿಂದ ಹೊರಗೆ ಒತ್ತುತ್ತದೆ. ಕೊಳವೆ ಬೇಕೆಂದರೆ ಆ ತೂತಿನ ನಡುವೆ ಒಂದು ಲೋಹದ ಕಡ್ಡಿಯನ್ನು ನಿಲ್ಲಿಸುತ್ತಾರೆ. ಹಿಟ್ಟು ಕಡ್ಡಿಯ ಸುತ್ತ ಹರಿದು ಬರುತ್ತದೆ, ಕಡ್ಡಿ ಇದ್ದ ಜಾಗ ಟೊಳ್ಳಾಗಿ ಉಳಿಯುತ್ತದೆ. ಮೆಕರೋನಿ ಬಾಗುವ ಗುಟ್ಟು ನನಗೆ ಇನ್ನೂ ಇಷ್ಟ. ಯಾರೂ ಅದನ್ನು ಕೈಯಿಂದ ಬಗ್ಗಿಸುವುದಿಲ್ಲ. ಕಡ್ಡಿಯ ಒಂದು ಪಕ್ಕದಲ್ಲಿ ಸಣ್ಣ ಕಚ್ಚು ಮಾಡಿರುತ್ತಾರೆ. ಆ ಪಕ್ಕದ ಹಿಟ್ಟು ಬೇಗ ಹರಿಯುತ್ತದೆ, ಎದುರಿನದು ಹಿಂದೆ ಬೀಳುತ್ತದೆ. ಬೇಗ ಬಂದ ಕಡೆ ಉದ್ದವಾಗಿ, ಕೊಳವೆ ತಾನಾಗಿಯೇ ನಿಧಾನದ ಕಡೆಗೆ ಬಾಗಿಕೊಳ್ಳುತ್ತದೆ. ಹೊರಗೆ ತಿರುಗುವ ಬ್ಲೇಡು ಅದನ್ನು ತುಂಡು ತುಂಡು ಮಾಡುತ್ತದೆ.

ಬಿಲ್ಲೆ ಯಾವುದರಿಂದ ಮಾಡಿದ್ದು ಎನ್ನುವುದೂ ಮುಖ್ಯ. ಕಂಚಿನ ಬಿಲ್ಲೆಯಿಂದ ಬಂದ ಪಾಸ್ತಾದ ಮೈ ತರಿತರಿಯಾಗಿ, ಮಂಕಾಗಿರುತ್ತದೆ. ಟೆಫ್ಲಾನ್ ಹಚ್ಚಿದ ಬಿಲ್ಲೆಯದು ನುಣುಪು, ಹೊಳಪು. ಭೂತಗನ್ನಡಿ ಇದ್ದರೆ ಎರಡನ್ನೂ ನೋಡಿ. ತರಿ ಮೈಗೆ ಗೊಜ್ಜು ಚೆನ್ನಾಗಿ ಅಂಟುತ್ತದೆ, ನುಣುಪಿನ ಮೈಯಿಂದ ಜಾರುತ್ತದೆ. ಪೆನ್ನೆಯ ಮೇಲಿನ ಗೆರೆಗಳಿಗೂ ಫುಸಿಲಿಯ ಸುರುಳಿಗೂ ಗೊಜ್ಜು ಹಿಡಿದುಕೊಳ್ಳುವುದೇ ಕೆಲಸ. ಈರುಳ್ಳಿ, ಟೊಮೆಟೊ, ಸಾಸಿವೆ, ಕರಿಬೇವು ಹಾಕಿ ಉಪ್ಪಿಟ್ಟಿನ ಥರ ಒಗ್ಗರಣೆ ಕೊಡುವ ನಮ್ಮ ಮನೆಗಳಿಗೆ ಫುಸಿಲಿಯೇ ಸರಿ ಎಂದು ನನ್ನ ತೀರ್ಪು. ಸುರುಳಿಯೊಳಗೆ ಒಂದೊಂದು ಸಾಸಿವೆ ಸಿಕ್ಕಿಕೊಂಡಿರುತ್ತದೆ, ನೋಡಿ.

ಇನ್ನು ಹಿಟ್ಟಿನ ವಿಷಯ. ಒಣ ಪಾಸ್ತಾ ಮಾಡಲು ಇಟಲಿಯಲ್ಲಿ ಡ್ಯೂರಂ ಎಂಬ ಗಟ್ಟಿ ಗೋಧಿಯ ರವೆಯನ್ನೇ ಬಳಸಬೇಕು. ಅದಕ್ಕೆ 1967ರಲ್ಲೇ ಕಾನೂನು ಬಂದಿತ್ತು. ಡ್ಯೂರಂ ಗೋಧಿ ಉತ್ತರ ಕರ್ನಾಟಕದ ಹೊಲಗಳಲ್ಲೂ ಬೆಳೆಯುತ್ತದೆ. ಅದರ ಹತ್ತಿರದ ನೆಂಟ ಜವೆ ಗೋಧಿ ಬೆಳಗಾವಿ, ಧಾರವಾಡ ಕಡೆಯದು. ಅಲ್ಲಿ ಅದರಿಂದ ಶ್ಯಾವಿಗೆ ಹೊಸೆಯುತ್ತಾರೆ. ಅದೇ ಜಾತಿಯ ಗೋಧಿ ಚೆನ್ನೈ ಅಂಗಡಿಗಳಲ್ಲಿ ಸಾಂಬಾ ಗೋಧಿ ಎಂಬ ಹೆಸರಿನಲ್ಲಿ ಸಿಗುತ್ತದೆ.

ಗೋಧಿಯೇ ಯಾಕೆ? ಗೋಧಿ ಹಿಟ್ಟಿನ ಸಣ್ಣ ಉಂಡೆಯನ್ನು ನಾದಿ, ಅರ್ಧ ಗಂಟೆ ಬಿಟ್ಟು, ಬಟ್ಟಲು ನೀರಿನಲ್ಲಿ ಮೆಲ್ಲಗೆ ಹಿಸುಕುತ್ತಾ ತೊಳೆಯಿರಿ. ನೀರು ಹಾಲಿನಂತೆ ಬೆಳ್ಳಗಾಗುತ್ತದೆ, ಅದು ಪಿಷ್ಟ. ಕೈಯಲ್ಲಿ ಉಳಿಯುವುದು ರಬ್ಬರಿನಂತೆ ಎಳೆಯಬಹುದಾದ ಒಂದು ಅಂಟು, ಅದು ಗ್ಲುಟೆನ್. ಇಟಲಿಯ ಬೊಲೋನ್ಯ ನಗರದ ಬೆಕ್ಕಾರಿ ಎಂಬ ವಿಜ್ಞಾನಿ 1728ರಲ್ಲೇ ಹೀಗೆ ತೊಳೆದು ಅದನ್ನು ಬೇರ್ಪಡಿಸಿ ತೋರಿಸಿದ್ದ. ಪಾಸ್ತಾದ ಒಳಗೆ ಈ ಗ್ಲುಟೆನ್ ಬಲೆಯಂತೆ ಹರಡಿಕೊಂಡು ಪಿಷ್ಟದ ಕಣಗಳನ್ನು ಹಿಡಿದಿಟ್ಟಿರುತ್ತದೆ. ಬಿಸಿನೀರಿನಲ್ಲಿ ಕಣಗಳು ಉಬ್ಬಿದರೂ ಬಲೆ ಬಿಡುವುದಿಲ್ಲ.

ಅಕ್ಕಿ ಹಿಟ್ಟನ್ನು ಹಾಗೆ ತೊಳೆದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಅಕ್ಕಿಯಲ್ಲಿ ಗ್ಲುಟೆನ್ ಇಲ್ಲ. ಹಾಗಾದರೆ ತಾಂಬರಂನ ಇಡಿಯಾಪ್ಪಂ, ನಮ್ಮ ಒತ್ತು ಶ್ಯಾವಿಗೆ ಎಳೆಯಾಗಿ ನಿಲ್ಲುವುದು ಹೇಗೆ? ಇಲ್ಲೇ ಅಜ್ಜಿಯರ ಜಾಣತನ ಇರುವುದು. ಇಡಿಯಾಪ್ಪಂಗೆ ಹಿಟ್ಟನ್ನು ಕುದಿಯುವ ನೀರಿನಲ್ಲಿ ಕಲಸುತ್ತಾರೆ. ಒತ್ತು ಶ್ಯಾವಿಗೆಗೆ ಉಂಡೆಯನ್ನು ಮೊದಲೇ ಬೇಯಿಸಿಕೊಳ್ಳುತ್ತಾರೆ. ಶಾಖಕ್ಕೆ ಪಿಷ್ಟ ಉಬ್ಬಿ, ಒಡೆದು, ತಾನೇ ಅಂಟಾಗುತ್ತದೆ. ಇಲ್ಲದ ಗ್ಲುಟೆನ್ನಿನ ಕೆಲಸವನ್ನು ಬೆಂದ ಪಿಷ್ಟ ಮಾಡುತ್ತದೆ. ‘ಬಿಸಿ ಇರುವಾಗಲೇ ಒತ್ತು, ಬೇಗ ಬೇಗ’ ಎಂದು ಅಜ್ಜಿ ಅವಸರ ಮಾಡುವುದೂ ಸುಮ್ಮನೆ ಅಲ್ಲ. ಆರಿದರೆ ಪಿಷ್ಟದ ಸರಪಳಿಗಳು ಮತ್ತೆ ಒತ್ತೊತ್ತಾಗಿ ಸೇರಿಕೊಂಡು ಉಂಡೆ ಗಟ್ಟಿಯಾಗುತ್ತದೆ. ಆಮೇಲೆ ಒರಳಿಗೆ ನೇತಾಡಿದರೂ ಎಳೆ ಇಳಿಯುವುದಿಲ್ಲ.

ಈಗ ಒಲೆಯ ಹತ್ತಿರ ಬನ್ನಿ. ತಾಂಬರಂ ಸಮುದ್ರಮಟ್ಟಕ್ಕಿಂತ ಹೆಚ್ಚು ಎತ್ತರದಲ್ಲಿಲ್ಲ. ಹಾಗಾಗಿ ಇಲ್ಲಿ ನೀರು ಹೆಚ್ಚುಕಡಿಮೆ 100 ಡಿಗ್ರಿಯಲ್ಲಿ ಕುದಿಯುತ್ತದೆ. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಕಡಿಮೆ, ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯಲು ಶುರು ಮಾಡುತ್ತದೆ. ಎಷ್ಟು ಉರಿ ಕೊಟ್ಟರೂ ಅದಕ್ಕಿಂತ ಬಿಸಿಯಾಗುವುದಿಲ್ಲ. ಅದೇ ಪೊಟ್ಟಣದ ಪಾಸ್ತಾ ಬೆಂಗಳೂರಿನ ಅತ್ತೆಯ ಮನೆಯಲ್ಲಿ ಬೇಯಲು ಸ್ವಲ್ಪ ಹೆಚ್ಚು ಹೊತ್ತು ಬೇಕು. ರಜೆಗೆ ಹೋದಾಗ ಗಡಿಯಾರ ಹಿಡಿದು ಪರೀಕ್ಷೆ ಮಾಡಿ.

ಉಪ್ಪು ಹಾಕಿದರೆ ನೀರು ಹೆಚ್ಚು ಬಿಸಿಯಾಗಿ ಪಾಸ್ತಾ ಬೇಗ ಬೇಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಒಂದು ಲೀಟರಿಗೆ 10 ಗ್ರಾಂ ಉಪ್ಪು ಹಾಕಿದರೂ ಕುದಿಯುವ ಬಿಂದು ಒಂದು ಡಿಗ್ರಿಯ ಐದನೇ ಒಂದು ಭಾಗದಷ್ಟೂ ಏರುವುದಿಲ್ಲ. ಉಪ್ಪು ರುಚಿಗೆ ಮಾತ್ರ. ನೀರಿಗೆ ಎಣ್ಣೆ ಸುರಿಯುವುದೂ ದಂಡ, ಅದು ಮೇಲೆ ತೇಲುತ್ತಿರುತ್ತದೆ. ಮೊದಲ ಎರಡು ನಿಮಿಷ ಕೈಯಾಡಿಸಿದರೆ ಸಾಕು, ಪಾಸ್ತಾ ಒಂದಕ್ಕೊಂದು ಅಂಟುವುದಿಲ್ಲ. ಬಸಿದ ನೀರಿನಲ್ಲಿ ಪಿಷ್ಟ ಇರುತ್ತದೆ. ಒಂದು ಲೋಟದಷ್ಟು ಎತ್ತಿಟ್ಟು ಒಗ್ಗರಣೆಗೆ ಸುರಿದರೆ ಗೊಜ್ಜು ಮಂದವಾಗಿ ಪಾಸ್ತಾವನ್ನು ಹಿಡಿದುಕೊಳ್ಳುತ್ತದೆ.

ಸ್ಪಗೆಟ್ಟಿಯ ಬಗ್ಗೆ ಒಂದು ಆಟ ಬಾಕಿ ಇದೆ. ಒಂದು ಒಣ ಕಡ್ಡಿಯ ಎರಡು ತುದಿ ಹಿಡಿದು ಮುರಿಯುವ ತನಕ ಬಾಗಿಸಿ. ಸಾಮಾನ್ಯವಾಗಿ ಎರಡಲ್ಲ, ಮೂರೋ ನಾಲ್ಕೋ ತುಂಡಾಗುತ್ತದೆ. ರಿಚರ್ಡ್ ಫೈನ್‌ಮನ್ ಎಂಬ ದೊಡ್ಡ ಭೌತವಿಜ್ಞಾನಿ ಅಡುಗೆಮನೆ ತುಂಬ ಚೂರು ಚೆಲ್ಲಿಕೊಂಡು ಯೋಚಿಸಿದರೂ ಕಾರಣ ಸಿಗಲಿಲ್ಲ. 2005ರಲ್ಲಿ ಫ್ರಾನ್ಸಿನ ಇಬ್ಬರು ವಿಜ್ಞಾನಿಗಳು ಕಂಡುಹಿಡಿದರು: ಮೊದಲ ಮುರಿತವಾದ ಕೂಡಲೇ ಕಡ್ಡಿ ನೆಟ್ಟಗಾಗಲು ಹೊರಡುತ್ತದೆ, ಆಗ ಅದರ ಉದ್ದಕ್ಕೂ ಒಂದು ಅಲೆ ಓಡಿ ಇನ್ನೊಂದು ಕಡೆ ಮುರಿಯುತ್ತದೆ. 2018ರಲ್ಲಿ ಅಮೆರಿಕದ ಎಂಐಟಿಯ ಸಂಶೋಧಕರು ಎರಡೇ ತುಂಡು ಮಾಡುವ ಉಪಾಯ ಹುಡುಕಿದರು. ಕಡ್ಡಿಯನ್ನು ಮೊದಲು ಸುಮಾರು 270 ಡಿಗ್ರಿ, ಅಂದರೆ ಮುಕ್ಕಾಲು ಸುತ್ತು, ತಿರುಚಿ, ಆಮೇಲೆ ನಿಧಾನವಾಗಿ ಬಾಗಿಸಬೇಕು. ಅವರು ಅದಕ್ಕೊಂದು ಯಂತ್ರವನ್ನೇ ಕಟ್ಟಿಕೊಂಡಿದ್ದರು, ಬರಿಗೈಯಲ್ಲಿ ಸುಲಭವಲ್ಲ. ನೀವು ಪ್ರಯತ್ನಿಸುವಾಗ ಚೂರು ಕಣ್ಣಿಗೆ ಸಿಡಿಯದಂತೆ ಕನ್ನಡಕ ಹಾಕಿಕೊಳ್ಳಿ. ಮುರಿದ ಕಡ್ಡಿಗಳನ್ನು ಬಿಸಾಡಬೇಡಿ. ತುಪ್ಪದಲ್ಲಿ ಹುರಿದು, ಶ್ಯಾವಿಗೆ ಪಾಯಸದ ಹಾಗೆ ಹಾಲು ಬೆಲ್ಲ ಹಾಕಿ ಕುದಿಸಿದರೆ ಚೆನ್ನಾಗಿಯೇ ಇರುತ್ತದೆ. ಶ್ಯಾವಿಗೆಗಿಂತ ಹೆಚ್ಚು ಹೊತ್ತು ಬೇಯಿಸಬೇಕು, ಅಷ್ಟೇ. ಯಾಕೆಂದು ನಿಮಗೀಗ ಗೊತ್ತು.