ಡೆವನ್ನಿನ ಕಾಲುಹಾದಿಗಳು

ಇಂಗ್ಲೆಂಡಿನ ನೈಋತ್ಯದಲ್ಲಿರುವ ಡೆವನ್ ಕೌಂಟಿಗೆ ಉತ್ತರದಲ್ಲಿಯೂ ಕಡಲು, ದಕ್ಷಿಣದಲ್ಲಿಯೂ ಕಡಲು. ವೆಂಬರಿಯ ದಂಡೆಯಿಂದ ಹೊರಟು, ಡಾರ್ಟ್‌ಮೂರ್, ಎಕ್ಸ್‌ಮೂರ್‌ಗಳನ್ನು ದಾಟಿ, ಲಿನ್‌ಮತ್‌ನಲ್ಲಿ ಮತ್ತೆ ಕಡಲನ್ನು ಕಾಣುವುದು ಅಲ್ಲಿಯ ನಡಿಗೆಪ್ರಿಯರ ರಜೆಯ ವಿಹಾರ. ಬೆನ್ನಿಗೊಂದು ಚೀಲ, ಕೈಯಲ್ಲೊಂದು ನಕಾಶೆ, ಮಳೆಯಂತೂ ಇದ್ದದ್ದೇ.

ಕಡಲಂಚಿನ ಹಾದಿ ವಿಹಾರಿಗಳಿಗಾಗಿ ಹುಟ್ಟಿದುದಲ್ಲ. ಕಳ್ಳಸಾಗಣೆಗಾರರನ್ನು ಹಿಡಿಯಲು ಕರಾವಳಿಯ ಕಾವಲುಗಾರರು ಒಂದೊಂದು ಕೊಲ್ಲಿಯೊಳಗೂ ಇಣುಕಬೇಕಾಗಿತ್ತು. ಆದುದರಿಂದ ಹಾದಿ ಬಂಡೆಯಂಚನ್ನು ಬಿಡದೆ ಇಳಿಯುತ್ತದೆ, ಏರುತ್ತದೆ, ಪುನಃ ಇಳಿಯುತ್ತದೆ. ಅಂದು ಕಳ್ಳರು ತಪ್ಪಿಸಿದ ಸುಂಕವನ್ನು ಇಂದು ನಡೆಯುವವರ ಮೊಣಕಾಲುಗಳು ತೆರುತ್ತಿವೆ!

ನನ್ನ ಒಲವು ಡಾರ್ಟ್‌ಮೂರಿನ ಕಡೆಗೆ. ಮರಗಳು ವಿರಳವಾದ ಜೌಗು ಎತ್ತರ. ಗುಡ್ಡದ ನೆತ್ತಿಯಲ್ಲಿ ಕರಿಗಲ್ಲಿನ ಹೆಬ್ಬಂಡೆಗಳು. ಮೇಯುವ ಕುಳ್ಳ ಕುದುರೆಗಳು. ನಮ್ಮ ಗೋಮಾಳವನ್ನು ನೆನಪಿಸುವ ಈ ನೆಲಕ್ಕೆ ಖಾಸಗಿ ಒಡೆಯರಿದ್ದಾರೆ. ಆದರೂ ವಿಹಾರಕ್ಕಾಗಿ ನಡೆಯುವ ಹಕ್ಕನ್ನು 1985ರ ಕಾನೂನು ಎಲ್ಲರಿಗೂ ಕೊಟ್ಟಿತು. ಡೇರೆಯಲ್ಲಿ ಮಲಗುವುದೂ ವಿಹಾರವೆ? ಅಲ್ಲವೆಂದು 2023ರ ಜನವರಿಯಲ್ಲಿ ಒಂದು ನ್ಯಾಯಾಲಯ ತೀರ್ಪಿತ್ತಿತು. ಅದೇ ಜುಲೈನಲ್ಲಿ ಮೇಲಿನ ನ್ಯಾಯಾಲಯ ಅದನ್ನು ತಿರುಗಿಸಿತು. 2025ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವೂ ಹೌದೆಂದಿತು. ನನಗಿದು ಸಹಜವೆನಿಸುತ್ತದೆ: ಹಗಲೆಲ್ಲ ನಡೆದವನು ಎಲ್ಲಾದರೂ ಮಲಗಬೇಕಷ್ಟೆ. ಆದರೆ ಡಾರ್ಟ್‌ಮೂರಿನ ಆಚೆ, ಇಂಗ್ಲೆಂಡಿನ ಬಹುಪಾಲು ಗುಡ್ಡಗಳಲ್ಲಿ, ಡೇರೆಯ ಗೂಟ ನೆಡಲು ಇಂದಿಗೂ ಒಡೆಯನ ಅಪ್ಪಣೆ ಬೇಕು.