ಘಟಕಕ್ಕೆ ಮುಟ್ಟದ ನೀರು



ಈ ಸಭೆಯ ಅಧ್ಯಕ್ಷತೆಯನ್ನು ನನಗೆ ಕೊಟ್ಟಿದ್ದೀರಿ. ನೇರ ವಿಷಯಕ್ಕೆ ಬರುತ್ತೇನೆ. ಮಂಗಳೂರಿನಲ್ಲಿ ಕಾವೂರು, ಬಜಾಲ್, ಸುರತ್ಕಲ್, ಪಚ್ಚನಾಡಿಗಳಲ್ಲಿ ಕೊಳಚೆ ನೀರು ಶುದ್ಧೀಕರಣ ಘಟಕಗಳಿವೆ. ಕಾವೂರಿನದೊಂದೇ 43.5 ಎಂಎಲ್‌ಡಿ, ಅಂದರೆ ದಿನಕ್ಕೆ 4.35 ಕೋಟಿ ಲೀಟರ್ ಸಾಮರ್ಥ್ಯದ್ದು. ಉಡುಪಿಯ ಘಟಕ ನಿಟ್ಟೂರಿನಲ್ಲಿದೆ. 1999ರಲ್ಲಿ ಏಷ್ಯಾ ಅಭಿವೃದ್ಧಿ ಬ್ಯಾಂಕಿನ (ಎಡಿಬಿ) ಸಾಲದ ಕರಾವಳಿ ಯೋಜನೆ ಮಂಜೂರಾದಂದಿನಿಂದ ನಮ್ಮ ಸಭೆಗಳಲ್ಲಿ ಮಾತೆಲ್ಲ ಘಟಕದ ಸಾಮರ್ಥ್ಯದ್ದೇ. ಆದರೆ ನಮ್ಮ ದೊಡ್ಡ ಕಷ್ಟ ಇರುವುದು ಘಟಕದೊಳಗಲ್ಲ, ಮನೆಯಿಂದ ಘಟಕದವರೆಗಿನ ದಾರಿಯಲ್ಲಿ.

ಮಳೆಗಾಲವನ್ನೇ ತೆಗೆದುಕೊಳ್ಳಿ. ಐದು ಜನರ ಮನೆಯಲ್ಲಿ ತಲೆಗೆ ದಿನಕ್ಕೆ 135 ಲೀಟರ್ ನೀರು ಬಳಸಿದರೆ, ಅದರ ಶೇ 80ರಷ್ಟು, ಅಂದರೆ ಸುಮಾರು 540 ಲೀಟರ್ ಒಳಚರಂಡಿಗೆ ಹೋಗುತ್ತದೆ. ಅದೇ ಮನೆಯ ನೂರು ಚದರ ಮೀಟರ್ ಮಾಡಿನ ಮೇಲೆ ಒಂದು ದಿನ 100 ಮಿ.ಮೀ. ಮಳೆ ಬಿದ್ದರೆ ಹತ್ತು ಸಾವಿರ ಲೀಟರ್. ಆಟಿ ತಿಂಗಳಲ್ಲಿ ಅಂಥ ಮಳೆ ನಮಗೇನೂ ಹೊಸದಲ್ಲ. ಆ ಮಾಡಿನ ಪೈಪನ್ನು ಒಳಚರಂಡಿಯ ಚೇಂಬರಿಗೆ ಕೊಟ್ಟ ಒಬ್ಬ ಮನೆಯಾತ ಹದಿನೆಂಟು ಮನೆಗಳ ಭಾರವನ್ನು ಪೈಪಿಗೆ ಹೊರಿಸಿದಂತಾಯಿತು. ಮ್ಯಾನ್‌ಹೋಲ್ ಮುಚ್ಚಳ ಎದ್ದು ರಸ್ತೆಯಲ್ಲಿ ಹರಿಯುವುದು ಹೀಗೆ. ಘಟಕ ತಲುಪಿದ ನೀರೂ ಅಲ್ಲಿ ನಿಲ್ಲಬೇಕಾದಷ್ಟು ಹೊತ್ತು ನಿಲ್ಲುವುದಿಲ್ಲ. ಗಾಳಿ ಊದಿ ಬೆಳೆಸಿದ, ಕೊಳೆಯನ್ನು ತಿನ್ನುವ ಬ್ಯಾಕ್ಟೀರಿಯಾಗಳು ಕೆಸರಿನೊಂದಿಗೇ ಕೊಚ್ಚಿಹೋಗುತ್ತವೆ. ಅವು ಮತ್ತೆ ತುಂಬಿಕೊಳ್ಳಲು ದಿನಗಳು ಬೇಕು.

ಇನ್ನು ವೆಟ್‌ವೆಲ್‌ಗಳು, ಅಂದರೆ ಕೊಳಚೆ ಕೂಡಿಕೊಳ್ಳುವ ಪಂಪಿಂಗ್ ಬಾವಿಗಳು. ನಮ್ಮದು ಗುಡ್ಡ-ತಗ್ಗಿನ ಊರು; ತಗ್ಗಿನ ಕೊಳಚೆಯನ್ನು ಪಂಪ್ ಮಾಡಿ ಮೇಲೆತ್ತಲೇಬೇಕು. ಗಾಳಿಮಳೆಗೆ ಕರೆಂಟು ಹೋಗಿ, ಜನರೇಟರ್‌ಗೆ ಡೀಸೆಲ್ ಇಲ್ಲದಿದ್ದರೆ ಎಲ್ಲವೂ ಪಕ್ಕದ ತೋಡಿಗೆ. ತೋಡಿನಿಂದ ಹೊಳೆಗೆ, ಹೊಳೆಯಿಂದ ಅಳಿವೆಗೆ. ಅಳಿವೆಯಲ್ಲಿ ಮುಳುಗಿ ಮರುವಾಯಿ (ಚಿಪ್ಪುಮೀನು) ಹೆಕ್ಕುವವರು ಇಲ್ಲಿ ಕುಳಿತಿದ್ದಾರೆ. ಮರುವಾಯಿ ನೀರನ್ನು ಸೋಸಿಯೇ ಬದುಕುವ ಜೀವ; ನೀರಿನ ರೋಗಾಣುಗಳು ಅದರ ಮೈಯಲ್ಲಿ ಸೇರಿಕೊಳ್ಳುತ್ತವೆ. ಇಂದ್ರಾಣಿ ಹೊಳೆಯ ದಡದಲ್ಲಿ ಕೊಳಚೆಯಿಂದ ಕೆಟ್ಟ ಬಾವಿಗಳ ಗೋಳು ಉಡುಪಿಯವರಿಗೆ ನಾನು ಹೇಳಬೇಕಿಲ್ಲ. ಮುರಕಲ್ಲಿನ ನೆಲದಲ್ಲಿ ತೂತುಗಳೇ ಹೆಚ್ಚು, ಹೊಲಸು ಬಾವಿಗೆ ಇಳಿಯಲು ತಡವಾಗುವುದಿಲ್ಲ.

ಪೈಪು ಕಟ್ಟಿದಾಗ ಒಳಗಿಳಿಯುವವರು ಯಾರು? 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆ ರಕ್ಷಣೆಯಿಲ್ಲದೆ ಯಾರನ್ನೂ ಇಳಿಸಬಾರದೆನ್ನುತ್ತದೆ. ಒಳಗಿಳಿದು ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಮ್ಯಾನ್‌ಹೋಲಿನ ಹೈಡ್ರೋಜನ್ ಸಲ್ಫೈಡ್ ಮೊದಲು ಕೊಳೆತ ಮೊಟ್ಟೆಯಂತೆ ನಾರುತ್ತದೆ. ಪ್ರಮಾಣ ಏರಿದಾಗ ಮೂಗಿಗೆ ಅದು ತಿಳಿಯುವುದೇ ಇಲ್ಲ. ವಾಸನೆ ಇಲ್ಲ, ಇಳಿಯಬಹುದು ಎಂದು ಮೇಲೆ ನಿಂತು ಹೇಳುವವರ ಮಾತನ್ನು ದಯವಿಟ್ಟು ಯಾರೂ ನಂಬಬೇಡಿ. ನೀರಿನ ರಭಸದಿಂದ ಪೈಪು ಬಿಡಿಸುವ ಜೆಟ್ಟಿಂಗ್ ಮಷಿನ್ ಬರುವ ತನಕ ರಸ್ತೆ ನಾರಿದರೆ ನಾರಲಿ.

ಸಭೆಯ ಮುಂದೆ ಎರಡು ಠರಾವುಗಳನ್ನಿಡುತ್ತಿದ್ದೇನೆ. ಒಂದು, ಮುಂದಿನ ಮಳೆಗಾಲಕ್ಕೆ ಮೊದಲು ಪ್ರತಿ ವಾರ್ಡಿನಲ್ಲೂ ಒಳಚರಂಡಿ ಪೈಪಿಗೆ ಹೊಗೆ ಬಿಟ್ಟು ಪರೀಕ್ಷಿಸಿ, ಚೇಂಬರಿಗೆ ಸೇರಿಸಿದ ಮಾಡಿನ ಪೈಪುಗಳನ್ನೆಲ್ಲ ಬೇರ್ಪಡಿಸಬೇಕು. ಎರಡು, ಪ್ರತಿ ವೆಟ್‌ವೆಲ್‌ನಲ್ಲಿ ಪಂಪು ಎಷ್ಟು ಗಂಟೆ ನಿಂತಿತ್ತು, ಎಷ್ಟು ಗಂಟೆ ಓಡಿತು ಎಂಬ ಲೆಕ್ಕವನ್ನು ಅದರ ಗೇಟಿನಲ್ಲೇ, ದಿನವೂ, ಊರವರಿಗೆ ಕಾಣುವಂತೆ ಕನ್ನಡದಲ್ಲಿ ಬರೆದಿಡಬೇಕು. ಮಧ್ಯಾಹ್ನದ ಗೋಷ್ಠಿಯಲ್ಲಿ ಮೊದಲ ಮಾತು ವೆಟ್‌ವೆಲ್ ಆಪರೇಟರ್‌ಗಳದ್ದಾಗಲಿ ಎಂದು ಸಂಚಾಲಕರಲ್ಲಿ ಕೇಳಿಕೊಳ್ಳುತ್ತೇನೆ.