ಎಂಆರ್ ಕೆಲಸ: ಸಹಿ ಮಾಡೋ ಮೊದಲು ಹಾಕಬೇಕಾದ ಲೆಕ್ಕ

(ಸಂಘದ ವಾರ್ಷಿಕೋತ್ಸವದ ಯುವಗೋಷ್ಠಿಯಲ್ಲಿ ಆಡಿದ ಮಾತು)



ನಮ್ಮ ಅಕ್ಕಲಕೋಟ, ಸೊಲ್ಲಾಪುರ ಭಾಗದಲ್ಲಿ ಬಿ.ಎಸ್ಸಿ., ಬಿ.ಫಾರ್ಮ್ ಮುಗಿಸಿದ ತಮ್ಮಂದಿರು ಸಂಘಕ್ಕೆ ಬಂದು ಕೇಳುತ್ತಾರೆ, "ಅಣ್ಣಾ, ಎಂಆರ್ ಕೆಲಸ ಸಿಕ್ಕದ, ಸೇರ್ಲೇನು?" ಸೇರಬ್ಯಾಡ್ರಿ ಅಂತ ನಾನು ಹೇಳೋದಿಲ್ಲ. ಇದೇ ಕೆಲಸದಾಗ ಹನ್ನೊಂದು ವರ್ಷ ಬ್ಯಾಗ್ ಹೊತ್ತವ ನಾನು. ಆದರೆ ಸಂದರ್ಶನದಲ್ಲಿ ನಿಮಗೆ ಪಗಾರ ಹೇಳ್ತಾರ, ಇನ್ಸೆಂಟಿವ್ ಹೇಳ್ತಾರ. ನಿಮ್ಮ ಕಿಸೆಯಿಂದ ಹೋಗೋದನ್ನು ಯಾರೂ ಹೇಳೋದಿಲ್ಲ. ಈ ಹೊತ್ತು ಅದನ್ನೇ ಹೇಳ್ತೀನಿ.

ಮೊದಲು ದಿನದ ಕೆಲಸ. ದಿನಕ್ಕೆ ಹತ್ತು ಹನ್ನೊಂದು ಡಾಕ್ಟರ್, ನಾಲ್ಕೈದು ಔಷಧ ಅಂಗಡಿ. ಮುಂಜಾನೆ ಒಪಿಡಿ, ಸಂಜೆ ಒಪಿಡಿ. ನಡುವಿನ ಮೂರು ನಾಲ್ಕು ತಾಸು ಎಲ್ಲೋ ಚಹಾದಂಗಡಿ ಮುಂದೆ, ಗಿಡದ ನೆರಳಿಗೆ. ರಾತ್ರಿ ಕೊನೆಯ ಪೇಷಂಟ್ ಹೊರಗ ಬಂದ ಮ್ಯಾಲ ನಿಮ್ಮ ಪಾಳಿ, ಎರಡು ನಿಮಿಷ. ಮನಿಗೆ ಬಂದು ಮೊಬೈಲಿನಲ್ಲಿ ರಿಪೋರ್ಟ್ ತುಂಬಬೇಕು. ಬಾಬಾಸಾಹೇಬರು 1942ರಿಂದ 1946ರವರೆಗೆ ವೈಸರಾಯರ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದರು. 1946ರಲ್ಲಿ ಕಾರ್ಖಾನೆಗಳಿಗೆ ವಾರಕ್ಕೆ 48 ತಾಸಿನ ಮಿತಿ ಬಂತು, ಆ ಮಸೂದೆ ಮಂಡಿಸಿದವರು ಅವರೇ. ಎಂಆರ್ ತಾಸುಗಳನ್ನು ಎಣಿಸುವವರು ಯಾರೂ ಇಲ್ಲ. ನೀವು ಎಲ್ಲಿ ನಿಂತೀರಿ ಅನ್ನೋದನ್ನು ಮಾತ್ರ ಮೊಬೈಲ್ ಎಣಿಸ್ತದ.

ಇನ್ನು ರೊಕ್ಕದ ಮಾತು. ಬಾರ್ಶಿಗೋ ಪಂಢರಪುರಕ್ಕೋ ಹೋಗಿಬರುವ ಪೆಟ್ರೋಲ್, ಊಟ, ವಸ್ತಿ ಇದ್ದರೆ ಲಾಜ್, ಎಲ್ಲಾ ಮೊದಲು ನೀವು ಹಾಕಬೇಕು. ಬಿಲ್ ಮುಂದಿನ ತಿಂಗಳು ಬರ್ತದ, ಅದೂ ಮ್ಯಾನೇಜರ್ ಒಪ್ಪಿದಷ್ಟು. ಅಪ್ಪನ ಅಂಗಡಿ ಇರುವ ಹುಡುಗನಿಗೆ ಇದು ಒಂದು ತಿಂಗಳ ತಡ. ಅಪ್ಪ ಕಬ್ಬು ಕಡಿಯಾಕ ಹೋಗುವ ಮನೆಯ ಹುಡುಗನಿಗೆ ಇದೇ ಕೈಗಡ. ಗಾಡಿ ಕಂತು ಬ್ಯಾರೆ. ನಮ್ಮವನು ಕೆಲಸಕ್ಕೆ ಸೇರಿದ ಮೊದಲ ತಿಂಗಳಿನಿಂದಲೇ ಕಂಪನಿಗೆ ಸಾಲ ಕೊಟ್ಟಂಗ ಆಗ್ತದ, ಅದೂ ಬಡ್ಡಿಗೆ ತಂದ ಸಾಲ.

ದೊಡ್ಡ ಹೊಡೆತ ಬೀಳೋದು ಕ್ಲೋಸಿಂಗಿಗೆ, ಅಂದರೆ ತಿಂಗಳ ಕೊನೆಗೆ. ಲೆಕ್ಕಕ್ಕೆ ಹಿಡೀರಿ, ಟಾರ್ಗೆಟ್ ಮೂರು ಲಕ್ಷ. ನೀವು ಮಾಡಿದ್ದು ಎರಡು ಲಕ್ಷ ನಲವತ್ತು ಸಾವಿರ. 28ನೇ ತಾರೀಖಿನಿಂದ ಫೋನ್ ಶುರು. "ಎಲ್ಲಿಂದರ ಮಾಡು, ಅರವತ್ತು ಸಾವಿರ ಬೇಕು." ನೀವು ಸ್ಟಾಕಿಸ್ಟನ ಹತ್ತಿರ ಹೋಗಿ ಮಾಲು ಎತ್ತಿರೀ ಅಂತ ಕೈಕಾಲು ಹಿಡೀತೀರಿ. ಅವನು, "ನೂರಕ್ಕೆ ಹತ್ತು ಬಿಡು, ಎತ್ತತೀನಿ" ಅಂತಾನ. ಆ ಹತ್ತನ್ನು ಕಂಪನಿ ಕೊಡೋದಿಲ್ಲ. ಆರು ಸಾವಿರ ನಿಮ್ಮ ಕಿಸೆಯಿಂದ. ಕಾಗದದ ಮ್ಯಾಲ ಟಾರ್ಗೆಟ್ ಆಯಿತು, ಮ್ಯಾನೇಜರ್ ಭೇಷ್ ಅಂದ. ಮಾಲು ಮಾತ್ರ ಗೋಡೌನಿನಲ್ಲೇ ಕುಂತದ. ಡಾಕ್ಟರ್ ಬರೆಯದ ಔಷಧ ಪೇಷಂಟ್ ತಗೊಳ್ಳೋದಿಲ್ಲ. ಮುಂದಿನ ತಿಂಗಳು ಸ್ಟಾಕಿಸ್ಟ್ ಹೊಸ ಮಾಲು ಎತ್ತೋದಿಲ್ಲ, ಹಳೇದೇ ಅದ ಅಂತಾನ. ಹಿಂಗ ಕೊರತೆ ಅರವತ್ತರಿಂದ ಒಂದು ಲಕ್ಷಕ್ಕೆ ಹೋಗ್ತದ. ವರ್ಷದ ಮ್ಯಾಲ ಅದೇ ಮಾಲು ಎಕ್ಸ್‌ಪೈರಿ ಆಗಿ ತಿರುಗಿ ಬಂದರೆ, ಅದನ್ನು ನಿಮ್ಮ ಮಾರಾಟದೊಳಗಿಂದ ಕಳೀತಾರ. ಇಷ್ಟೇ ಅಲ್ಲ. ನೀವು ರೊಕ್ಕ ಹಾಕಿ ಉಬ್ಬಿಸಿದ ಈ ವರ್ಷದ ಅಂಕಿಯ ಮ್ಯಾಲೇನೇ ಬರುವ ವರ್ಷದ ಟಾರ್ಗೆಟ್ ಕಟ್ಟತಾರ. ನೀವು ನಿಮ್ಮ ಹಣ ಕೊಟ್ಟು ನಿಮ್ಮ ಮ್ಯಾಲೆ ಭಾರ ಏರಿಸಿಕೊಂಡಂಗ.

ಡಾಕ್ಟರಿಗೆ ಕೊಡುವ ಕಾಣಿಕೆಗಳ ವಿಷಯ ನಿಮಗೂ ಗೊತ್ತು. ಡಾಕ್ಟರಿಗೆ ಕೊಟ್ಟ ಉಡುಗೊರೆಯನ್ನು ಖರ್ಚೆಂದು ತೋರಿಸಿ ಕಂಪನಿ ತೆರಿಗೆ ಉಳಿಸಿಕೊಳ್ಳುವಂತಿಲ್ಲ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2024ರ ಮಾರ್ಚಿನಲ್ಲಿ ಕೇಂದ್ರ ಸರಕಾರ ಔಷಧ ಮಾರಾಟಕ್ಕೆ ಸಂಹಿತೆ ತಂದು ಉಡುಗೊರೆ, ಪ್ರವಾಸ ಬೇಡ ಎಂದಿತು. ಫ್ರೀ ಸ್ಯಾಂಪಲ್ಲಿಗೂ ಮಿತಿ ಹಾಕಿತು. ಒಳ್ಳೇದೇ. ಆದರೆ ಡಾಕ್ಟರನ ನಿರೀಕ್ಷೆ ಒಂದು ಸುತ್ತೋಲೆಗೆ ನಿಲ್ಲೋದಿಲ್ಲ. ಮುಂದೆ ನಿಂತು "ಇಲ್ಲ ಸರ್" ಅನ್ನಬೇಕಾದವನು ಆ ಹುಡುಗ, ಮಾರಾಟ ಬಿದ್ದರೆ ಬೈಸಿಕೊಳ್ಳುವವನೂ ಅವನೇ.

ನಮ್ಮ ಹುಡುಗರಿಗೆ ಕನ್ನಡ, ಮರಾಠಿ, ಹಿಂದಿ ಮೂರೂ ಬರ್ತಾವ. ಇಂಡಿ, ಆಳಂದ ಕಡೆ ಕಳಿಸಲಿಕ್ಕೆ ಕಂಪನಿಗೆ ಅಂಥವರೇ ಬೇಕು. ಆದರೆ ಮೀಟಿಂಗ್, ಪರೀಕ್ಷೆ, ಬಡ್ತಿ ಎಲ್ಲಾ ಇಂಗ್ಲಿಷಿನಲ್ಲಿ. ಕನ್ನಡ ಶಾಲೆಯಲ್ಲಿ ಓದಿದವನು ಊರೂರು ತಿರುಗುತ್ತಾ ಅಲ್ಲೇ ಉಳೀತಾನ. ಇನ್ನೊಂದು ಅದ. ಕಾಯುವ ಬೆಂಚಿನ ಮ್ಯಾಲ ಕೂತಾಗ ಯಾರೋ ನಗುನಗುತ್ತಲೇ ಕೇಳ್ತಾರ, "ನಿಮ್ಮ ಪೂರಾ ಹೆಸರೇನು?" ಅಡ್ಡಹೆಸರು ಹೇಳಿದ ಮ್ಯಾಲ ಕೆಲವರ ಮಾತು ಮೊದಲಿನಂಗ ಇರೋದಿಲ್ಲ. ಬಾಡಿಗೆ ಖೋಲಿ ಹುಡುಕುವಾಗಲೂ ಅದೇ. ಇದಕ್ಕೆ ಯಾವ ರಿಪೋರ್ಟಿನಲ್ಲೂ ಕಾಲಂ ಇಲ್ಲ. ಖಾಸಗಿ ಕಂಪನಿ, ಮೀಸಲಾತಿಯಂತೂ ಇಲ್ಲವೇ ಇಲ್ಲ. ಡಿಸೆಂಬರ್ 6ಕ್ಕೆ ದಾದರಿಗೆ ಹೋಗಬೇಕು ಅಂತ ರಜಾ ಕೇಳಿದರೆ, ಅಲ್ಲೇನದ ಅಂತ ಕೇಳುವ ಮ್ಯಾನೇಜರ್ ಸಿಗ್ತಾನ. ತಂಗಿಯರಿಗೆ ಇವೆಲ್ಲದರ ಜೊತೆ ರಾತ್ರಿ ಹತ್ತಕ್ಕೆ ಪರ ಊರಿನ ಬಸ್ ಸ್ಟ್ಯಾಂಡೂ ಬರ್ತದ.

ಕಾನೂನು ಇಲ್ಲವೇ? ಇತ್ತು, ಈಗಲೂ ಅದ. 1976ರಲ್ಲಿ ಮಾರಾಟ ಪ್ರತಿನಿಧಿಗಳಿಗಂತಲೇ ಕಾಯ್ದೆ ಬಂತು. ನೇಮಕಪತ್ರ, ರಜೆ, ಗ್ರಾಚ್ಯುಟಿ, ಹೆರಿಗೆ ಸೌಲಭ್ಯ ಅದರಲ್ಲಿದ್ದವು. ಅದನ್ನು 2020ರ ಕಾರ್ಮಿಕ ಸಂಹಿತೆಗಳಲ್ಲಿ ಸೇರಿಸಿದ್ದಾರೆ, ನೇಮಕಪತ್ರ ಕೊಡಲೇಬೇಕೆಂಬುದು ಅಲ್ಲೂ ಅದ. ಹಳೆಯ ಕಾಯ್ದೆಯಲ್ಲೇ ಒಂದು ಕಿಂಡಿ ಇತ್ತು, ಮುಖ್ಯವಾಗಿ ಆಡಳಿತದ ಹುದ್ದೆಯಲ್ಲಿದ್ದವರಿಗೆ ಅದು ಅನ್ವಯಿಸುತ್ತಿರಲಿಲ್ಲ. ಅದಕ್ಕೇ ಕೈಕೆಳಗೆ ಒಬ್ಬನೂ ಇಲ್ಲದ ಹುಡುಗನಿಗೂ ಕಾರ್ಡಿನ ಮ್ಯಾಲ "ಮ್ಯಾನೇಜರ್" ಅಂತ ಅಚ್ಚು ಹಾಕಿಸಿಕೊಡ್ತಾರ. ಮನಿಯವರು ಖುಷಿ ಪಡ್ತಾರ. ನೀವು ಮಾತ್ರ, ನನ್ನ ನಿಜವಾದ ಕೆಲಸ ಏನಂತ ಪತ್ರದಲ್ಲಿ ಬರೆದದ ಅಂತ ನೋಡ್ರಿ.

ತೆಗೆದುಹಾಕುವ ರೀತಿಯೂ ತಿಳಿದಿರಲಿ. ತೆಗೆದಿದ್ದೇವೆಂದು ಪತ್ರ ಕೊಡೋದಿಲ್ಲ. ಲಾಜಿಗೆ ಕರೆಸಿ, ಬಿಳಿ ಹಾಳಿ ಮುಂದಿಟ್ಟು, "ರಾಜೀನಾಮೆ ಬರಿ, ಒಳ್ಳೆ ಸರ್ಟಿಫಿಕೇಟ್ ಕೊಡ್ತೀವಿ" ಅಂತಾರ. ಬರೆದುಕೊಟ್ಟ ಮ್ಯಾಲ ನೀವೇ ಬಿಟ್ಟಂಗ ಆಯಿತು, ತಕರಾರಿಗೆ ಜಾಗ ಉಳಿಯೋದಿಲ್ಲ. ಅಲ್ಲಿ ಕೂತು ಏನನ್ನೂ ಬರೀಬ್ಯಾಡ್ರಿ. "ಮನಿಗೆ ಹೋಗಿ ವಿಚಾರ ಮಾಡ್ತೀನಿ" ಅಂತ ಎದ್ದು ಬರ್ರಿ. 1963ರಿಂದ ಎಂಆರ್‌ಗಳ ಅಖಿಲ ಭಾರತ ಒಕ್ಕೂಟ ಅದ, ಎಫ್‌ಎಂಆರ್‌ಎಐ ಅಂತ. ಸೇರಿದ ವರ್ಷವೇ ಅದರ ಸದಸ್ಯರಾಗ್ರಿ, ಹೊಡೆತ ಬಿದ್ದ ಮ್ಯಾಲಲ್ಲ.

ಹನ್ನೆರಡನೇ ಇಯತ್ತೆ ವಿಜ್ಞಾನ ಓದುತ್ತಿರುವವರಿಗೆ ಒಂದು ಮಾತು. ಡಿ.ಫಾರ್ಮ್ ಎರಡು ವರ್ಷ, ಮೇಲೆ 500 ತಾಸಿನ ತರಬೇತಿ. ಆಮೇಲೆ ಫಾರ್ಮಸಿ ಕೌನ್ಸಿಲಿನಲ್ಲಿ ನೋಂದಣಿ. ಆ ನೋಂದಣಿಯನ್ನು ಯಾವ ಮ್ಯಾನೇಜರನೂ ತಿಂಗಳ ಕೊನೆಗೆ ಕಸಗೊಳ್ಳಲಾರ. ಸರಕಾರಿ ದವಾಖಾನೆಯ ಹುದ್ದೆಗೆ ಮೀಸಲಾತಿಯೂ ಅದ.

ಈಗಾಗಲೇ ಎಂಆರ್ ಆದವರು ಒಂದು ವಹಿ ಇಡ್ರಿ. ಕಿಸೆಯಿಂದ ಹೋದ ಒಂದೊಂದು ರೂಪಾಯಿ, ತಾರೀಖು ಸಮೇತ ಬರೀರಿ. ಮೂರು ತಿಂಗಳಿಗೆ ಒಮ್ಮೆ ಪಗಾರದಿಂದ ಅದನ್ನು ಕಳೆದು ನೋಡ್ರಿ, ಉಳಿದದ್ದೇ ನಿಮ್ಮ ಖರೇ ಪಗಾರ. ಇನ್ನೂ ಸೇರದವರು ನೇಮಕಪತ್ರ ಕೈಗೆ ಬಂದ ದಿನ ಸಹಿ ಮಾಡಬ್ಯಾಡ್ರಿ. ಅದು ಇಂಗ್ಲಿಷಿನಲ್ಲಿ ಇರ್ತದ, ನಾಲ್ಕೈದು ಪುಟ. ರವಿವಾರ ಸಂಜೆ ಸಂಘದ ಖೋಲಿ ತೆರೆದಿರ್ತದ, ತಗೊಂಡು ಬರ್ರಿ, ಕೂತು ಓದೋಣ.